ವರ್ತನೆ ಹಾಲು, ಶನಿವಾರದ ತೋಫು

ನಿಮ್ಮ ಪ್ರಶ್ನೆ ಇದು: ಕೆಲಸಕ್ಕೆ ಅಂತ ವಿದೇಶಕ್ಕೆ ಬಂದು ಆರು ತಿಂಗಳಾಗಿದೆ. ಮನೆ ಹತ್ತಿರದ ಒಂದು ಪುಟ್ಟ ಹೋಟೆಲ್‌ಗೆ ನಾಲ್ಕೈದು ಸಲ ಹೋಗಿದ್ದೀರಿ, ಅವರು ಚೆನ್ನಾಗಿ ನೋಡಿಕೊಂಡರು. ಅಲ್ಲಿ ಖಾಯಂ ಗಿರಾಕಿ ಆಗುವುದು ಹೇಗೆ? ಭಾಷೆ ಸರಿಯಾಗಿ ಬರದಿದ್ದರೂ ಆಗುತ್ತದಾ?

ಆಗುತ್ತದೆ. ನನಗೆ ಒಂದೂವರೆ ವರ್ಷ ಹಿಡಿಯಿತು. ಅದರಲ್ಲಿ ಅರ್ಧ ನನ್ನ ದಡ್ಡತನಕ್ಕೆ ಹೋಯಿತು. ನಿಮಗೆ ಅಷ್ಟು ಬೇಕಾಗಲಿಕ್ಕಿಲ್ಲ.

ನಾನು 2017ರಿಂದ 2022ರವರೆಗೆ ಟೋಕಿಯೊದಲ್ಲಿದ್ದೆ. ಟೋಕಿಯೊ ಅಂದ ತಕ್ಷಣ ಕಣ್ಣಿಗೆ ಬರುವ ಗಾಜಿನ ಕಟ್ಟಡಗಳ ಜಾಗ ಅಲ್ಲ ಅದು. ದಕ್ಷಿಣದ ತುದಿಯಲ್ಲಿ ಓತಾ ಅಂತ ಒಂದು ವಾರ್ಡ್ ಇದೆ, ಅದರಲ್ಲಿ ಕಮಾತಾ. ಲೇತು, ಮಿಲ್ಲಿಂಗ್ ಮಷೀನು ಇಟ್ಟುಕೊಂಡ ಸಣ್ಣ ಸಣ್ಣ ವರ್ಕ್‌ಶಾಪುಗಳಿಗೆ ಹೆಸರಾದ ಜಾಗ. ನಮ್ಮ ಪೀಣ್ಯ ಅಂದುಕೊಳ್ಳಿ, ಆದರೆ ವಠಾರದ ಮನೆಗಳ ಮಧ್ಯೆಯೇ ಹರಡಿಕೊಂಡ ಪೀಣ್ಯ. ಅಲ್ಲಿನ ಸಾರ್ವಜನಿಕ ಸ್ನಾನದ ಮನೆಗಳಲ್ಲಿ ನೆಲದಿಂದ ಬರುವ ನೀರು ಕಪ್ಪಗೆ, ಥೇಟ್ ಕಾಫಿ ಡಿಕಾಕ್ಷನ್ ಬಣ್ಣ. ಮೊದಲ ದಿನ ನೋಡಿ ಇಳಿಯಲೋ ಬೇಡವೋ ಅಂತ ನಿಂತುಬಿಟ್ಟಿದ್ದೆ. ಕಮಾತಾದಿಂದ ಇಕೆಗಾಮಿ ಲೈನ್ ಅಂತ ಮೂರೇ ಡಬ್ಬಿಯ ರೈಲು ಹೊರಡುತ್ತದೆ. ಅದರ ಮೊದಲ ಸ್ಟೇಷನ್ ಹಸುನುಮಾ. ನನ್ನ ಮನೆ ಅಲ್ಲಿ, ಹೋಟೆಲ್ಲೂ ಅಲ್ಲೇ.

ಕೌಂಟರ್ ಮುಂದೆ ಎಂಟು ಸ್ಟೂಲು, ಹಿಂದೆ ಎರಡು ಮೇಜು. ಅಡುಗೆ ಗಂಡನದು, ಉಳಿದದ್ದೆಲ್ಲ ಹೆಂಡತಿಯದು. ಇಬ್ಬರಿಗೂ ಅರವತ್ತೈದು ದಾಟಿತ್ತು. ಅಲ್ಲಿ ಅವರ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಅವರು ತೈಶೋ, ಅಂದರೆ ಸೇನಾಪತಿ. ಆಕೆ ಒಕಾಮಿ-ಸಾನ್, ಅಂದರೆ ಹೋಟೆಲಿನ ಯಜಮಾನಿ. ಸಿಗುವುದು ತೇಶೋಕು: ಅನ್ನ, ಮಿಸೊ ಸೂಪು, ಉಪ್ಪಿನಕಾಯಿ, ಒಂದು ಪುಟ್ಟ ಬಟ್ಟಲಲ್ಲಿ ಪಲ್ಯದಂಥದ್ದು, ಜೊತೆಗೆ ಒಂದು ಮುಖ್ಯ ಪದಾರ್ಥ. ನಮ್ಮ ಪ್ಲೇಟ್ ಮೀಲ್ಸ್ ಇದ್ದ ಹಾಗೆ. ಆ ಮುಖ್ಯ ಪದಾರ್ಥ ಮೀನೋ ಹಂದಿಯೋ ಕೋಳಿಯೋ ಆಗಿರುತ್ತದೆ. ನಾನು ಮೊಟ್ಟೆ ತಿನ್ನುತ್ತೇನೆ, ಅಲ್ಲಿಗೆ ನನ್ನ ಗಡಿ ಮುಗಿಯಿತು.

ಹಾಗಿದ್ದರೆ ಅಲ್ಲಿಗೆ ಯಾಕೆ ಹೋದಿರಿ ಅಂತ ಕೇಳಬಹುದು. ಮಳೆ ಬರುತ್ತಿತ್ತು, ಬಾಗಿಲಿಗೆ ಬಟ್ಟೆ ತೂಗುಬಿಟ್ಟಿದ್ದರು. ನೋರೆನ್ ಅನ್ನುವ ಆ ಬಟ್ಟೆ ಹೊರಗಿದ್ದರೆ ಅಂಗಡಿ ತೆರೆದಿದೆ ಅಂತ, ಒಳಗೆ ತೆಗೆದಿಟ್ಟರೆ ಮುಚ್ಚಿದೆ ಅಂತ. ನನಗೆ ಗೊತ್ತಿದ್ದದ್ದು ಅಷ್ಟೇ.

ಮೊದಲು ನನ್ನ ತಪ್ಪುಗಳನ್ನು ಹೇಳಿಬಿಡುತ್ತೇನೆ.

ಒಂದನೆಯದು, ಕೂತ ಜಾಗ. ಮೂರನೇ ಸಲ ಹೋದಾಗ ಕೌಂಟರಿನ ಮೂಲೆಯ ಸ್ಟೂಲು ಖಾಲಿ ಇತ್ತು, ಟಿವಿ ಚೆನ್ನಾಗಿ ಕಾಣುತ್ತದೆ ಅಂತ ಕೂತೆ. ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯರು ಬಂದರು. ನಲವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು ಅಂತ ಆಮೇಲೆ ಗೊತ್ತಾಯಿತು. ಒಂದು ಕ್ಷಣ ನನ್ನ ಹಿಂದೆ ನಿಂತರು. ಏನೂ ಹೇಳದೆ ಎರಡು ಸ್ಟೂಲು ಬಿಟ್ಟು ಕೂತರು. ಇಡೀ ಅಂಗಡಿ ಮೌನವಾಯಿತು. ಅದು ಅವರ ಜಾಗ ಅಂತ ನನಗೆ ಹೊಳೆಯಲು ಇನ್ನೂ ಎರಡು ವಾರ ಬೇಕಾಯಿತು, ಯಾಕೆಂದರೆ ಯಾರೂ ಬಾಯಿ ಬಿಡಲಿಲ್ಲ. ನೀವು ಎಲ್ಲಿಯೇ ಇರಿ, ಮೊದಲ ತಿಂಗಳು ಕೂರುವ ಮೊದಲು ಕೈ ತೋರಿಸಿ ‘ಇಲ್ಲಿ?’ ಅಂತ ಕೇಳಿಬಿಡಿ. ಅದಕ್ಕೆ ವ್ಯಾಕರಣ ಬೇಕಿಲ್ಲ.

ಎರಡನೆಯದು, ಹೊತ್ತುಗೊತ್ತಿಲ್ಲದೆ ಹೋಗುತ್ತಿದ್ದೆ. ಒಂದು ವಾರ ನಾಲ್ಕು ದಿನ, ಆಮೇಲೆ ಇಪ್ಪತ್ತು ದಿನ ಪತ್ತೆ ಇಲ್ಲ. ಜಾಸ್ತಿ ಸಲ ಹೋದರೆ ಬೇಗ ಪರಿಚಯ ಆಗುತ್ತದೆ ಅಂತ ನನ್ನ ಲೆಕ್ಕ. ಹಾಗಾಗಲಿಲ್ಲ. ಮಂಗಳವಾರ ರಾತ್ರಿ ಎಂಟು ಗಂಟೆ, ಶನಿವಾರ ಸಂಜೆ ಐದು ಗಂಟೆ, ಹೀಗೆ ಎರಡೇ ದಿನ ಗಟ್ಟಿ ಮಾಡಿಕೊಂಡ ಮೇಲೆ ಎರಡು ತಿಂಗಳಲ್ಲಿ ಎಲ್ಲ ಬದಲಾಯಿತು. ಅದೇ ದಿನ, ಅದೇ ಹೊತ್ತು ಬರುವ ಉಳಿದವರೂ ಇರುತ್ತಾರೆ ನೋಡಿ. ಪರಿಚಯ ಆಗುವುದು ಅವರ ಮೂಲಕ.

ಶನಿವಾರ ಐದು ಗಂಟೆಗೆ ಇನ್ನೊಂದು ಲಾಭ ಇತ್ತು: ಸುಮೊ. ವರ್ಷಕ್ಕೆ ಆರು ಟೂರ್ನಮೆಂಟು, ಜನವರಿಯಿಂದ ಶುರುವಾಗಿ ಒಂದು ತಿಂಗಳು ಬಿಟ್ಟು ಒಂದು ತಿಂಗಳು, ಒಂದೊಂದೂ ಹದಿನೈದು ದಿನ. ಸಂಜೆ ಆರರ ಹೊತ್ತಿಗೆ ಆ ದಿನದ ದೊಡ್ಡ ಕುಸ್ತಿ. ಒಂದೊಂದು ಕುಸ್ತಿ ಕೆಲವೇ ಸೆಕೆಂಡು. ಅದಕ್ಕೆ ಮುಂಚೆ ಉಪ್ಪು ಎರಚುವುದು, ಕೂರುವುದು, ಏಳುವುದು, ದಿಟ್ಟಿಸುವುದು ಮಾತ್ರ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ನನ್ನ ಜಪಾನಿ ಭಾಷೆ ಬೆಳೆಯಿತು ಅಂದರೆ ತಪ್ಪಾಗಲಾರದು. ಯಾರು ಗೆಲ್ಲುತ್ತಾರೆ ಅಂತ ಬೆರಳು ತೋರಿಸಬೇಕು. ಸೋತರೆ ಎಲ್ಲರೂ ನಗುತ್ತಾರೆ. ನಾನು ಮೈಸೂರಿನವನು, ನಮ್ಮಲ್ಲಿ ದಸರಾ ಕುಸ್ತಿ ಇದೆ, ಮಟ್ಟಿ ಮಣ್ಣಲ್ಲಿ ಆಡುತ್ತಾರೆ ಅಂತ ಕೈ ಸನ್ನೆಯಲ್ಲಿ ವಿವರಿಸಿದ ದಿನ ಲೇತಿನ ಹಿರಿಯರು ಮೊದಲ ಸಲ ನನ್ನ ಕಡೆ ತಿರುಗಿ ಕೂತರು.

ಅವತ್ತೇ ಹೆಸರು ಕೇಳಿದರು. ಭಟ್ ಅಂದೆ. ಅವರ ಲಿಪಿಯಲ್ಲಿ ಅದು ‘ಬತ್ತೊ’ ಆಗುತ್ತದೆ. ಬೇಸ್‌ಬಾಲ್ ಬ್ಯಾಟಿಗೂ ಅವರು ಬರೆಯುವುದು ಅದೇ ಅಕ್ಷರ. ಇಡೀ ಕೌಂಟರು ಕೈ ಬೀಸಿ ಸಿಕ್ಸರ್ ಹೊಡೆಯಿತು. ಐದು ವರ್ಷ ಆ ಜೋಕು ಹಳೆಯದಾಗಲೇ ಇಲ್ಲ, ಅವರಿಗೆ.

ಮೂರನೆಯದು ಊಟದ ವಿಷಯ. ಇದು ನಿಮಗೂ ಉಪಯೋಗಕ್ಕೆ ಬರಬಹುದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ‘ಮಾಂಸ ತಿನ್ನುವುದಿಲ್ಲ’ ಅಂತ ಜಪಾನಿನಲ್ಲಿ ಹೇಳಿದರೆ ಮೀನು ಬರುತ್ತದೆ. ಅವರ ‘ನಿಕು’ ಅನ್ನುವ ಪದದಲ್ಲಿ ಮೀನು ಸೇರುವುದಿಲ್ಲ. ಮೀನೂ ಇಲ್ಲ ಅಂದರೆ ಮೀನಿನ ತುಂಡು ಇರುವುದಿಲ್ಲ, ಸಾರು ಅದರದೇ. ದಾಶಿ ಅಂತ ಅದಕ್ಕೆ. ಕತ್ಸುವೊ ಅನ್ನುವ ಮೀನನ್ನು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ಕಟ್ಟಿಗೆಯ ಹಾಗೆ ಗಟ್ಟಿ ಮಾಡಿ, ಬಡಗಿ ಹತ್ತರಿ ಹೊಡೆದ ಹಾಗೆ ತೆಳ್ಳಗೆ ಹೆರೆದು, ಅದರ ರಸ ತೆಗೆಯುತ್ತಾರೆ. ಮಿಸೊ ಸೂಪಿನಲ್ಲಿ ಅದು, ಬೇಯಿಸಿದ ಕುಂಬಳಕಾಯಿಯಲ್ಲಿ ಅದು, ಮೊಟ್ಟೆ ರೋಲಿನಲ್ಲೂ ಅದೇ. ಮೊದಲ ಒಂದು ತಿಂಗಳು ‘ಆಹಾ ಎಂಥ ಸಾರು’ ಅಂತ ನಾನು ಕುಡಿದದ್ದು ಅದನ್ನೇ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

‘ವೆಜಿಟೇರಿಯನ್’ ಅಂತ ಹೇಳಿ ನೋಡಿದೆ. ತರಕಾರಿ ಇಷ್ಟ ಅಂತ ತಿಳಿದುಕೊಂಡು ಹಂದಿಮಾಂಸದ ಪಕ್ಕ ಎಲೆಕೋಸು ಜಾಸ್ತಿ ಹಾಕಿಕೊಟ್ಟರು. ಆಫೀಸಿನಲ್ಲಿ ಒಬ್ಬರ ಹತ್ತಿರ ಜಪಾನಿಯಲ್ಲಿ ಒಂದು ಚೀಟಿ ಬರೆಸಿಕೊಂಡೆ: ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿ ಬೇಡ, ಮೊಟ್ಟೆ ಹಾಲು ಆಗುತ್ತದೆ. ಒಕಾಮಿ-ಸಾನ್ ಅದನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು. ಆಮೇಲೆ ಮುಖ ಅರಳಿತು. “ಓ, ಶೋಜಿನ್!” ಅಂದರು.

ಶೋಜಿನ್ ಅಂದರೆ ಬೌದ್ಧ ಮಠಗಳ ಅಡುಗೆ. ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡುಗೆ ಹೆಚ್ಚುಕಡಿಮೆ ಹೀಗೇ ಅಲ್ವಾ. ಹಸುನುಮಾದ ಮುಂದಿನ ಸ್ಟೇಷನ್ ಇಕೆಗಾಮಿ. ಅಲ್ಲಿ ಹೊನ್ಮೊಂಜಿ ಅಂತ ದೊಡ್ಡ ದೇವಸ್ಥಾನ, ನಿಚಿರೆನ್ ಅನ್ನುವ ಗುರು 1282ರಲ್ಲಿ ತೀರಿಕೊಂಡ ಜಾಗ. ಆ ದೇವಸ್ಥಾನದ ನೆರಳಲ್ಲೇ ಬೆಳೆದ ಒಕಾಮಿ-ಸಾನ್‌ಗೆ ಶೋಜಿನ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನೇ ಆರು ತಿಂಗಳು ಪರದೇಶದ ಪದ ಹಿಡಿದುಕೊಂಡು ಒದ್ದಾಡಿದ್ದೆ. ಅವರ ಮನೆಯಲ್ಲೇ ಅದಕ್ಕೊಂದು ಪದ ಇತ್ತು.

ನಿಮ್ಮ ಊರಲ್ಲೂ ಅಂಥ ಪದ ಇರಬಹುದು, ಹುಡುಕಿ. ಆಮೇಲೆ ರಷ್ಯನ್ ಸಹೋದ್ಯೋಗಿಯೊಬ್ಬರು ಹೇಳಿದರು, ಅವರ ಕಡೆ ‘ಉಪವಾಸದ ಅಡುಗೆ’ ಅಂತ ಕೇಳಿದರೆ ಸಾಕಂತೆ, ಚರ್ಚಿನ ವ್ರತದ ದಿನಗಳ ಊಟ ಎಲ್ಲರಿಗೂ ಗೊತ್ತಂತೆ.

ಅಲ್ಲಿಂದ ಶುರುವಾಯಿತು ನನ್ನ ಊಟ. ಮುಖ್ಯ ಪದಾರ್ಥ ಅಗೆದಾಶಿ ತೋಫು. ತೋಫು ಅಂದರೆ ಸೋಯಾ ಹಾಲಿನ ಪನೀರಿನಂಥದ್ದು; ಅದನ್ನು ಆಲೂಗಡ್ಡೆ ಪಿಷ್ಟದಲ್ಲಿ ಹೊರಳಿಸಿ ಕರಿದು ಬಿಸಿ ಸಾರಿನಲ್ಲಿ ಬಿಡುವುದು. ಕರಿಯಲು ಬೇರೆ ಪುಟ್ಟ ಬಾಣಲೆ, ಯಾಕೆಂದರೆ ದೊಡ್ಡದರಲ್ಲಿ ಸೀಗಡಿ ಕರಿಯುತ್ತಿದ್ದರು. ಸಾರಿಗೆ ಕೊಂಬು ಅನ್ನುವ ಸಮುದ್ರದ ಸೊಪ್ಪನ್ನೂ ಒಣ ಶಿಯಿತಾಕೆ ಅಣಬೆಯನ್ನೂ ಹಿಂದಿನ ರಾತ್ರಿಯೇ ತಣ್ಣೀರಲ್ಲಿ ನೆನೆಹಾಕುತ್ತಿದ್ದರು. ಹಿಂದಿನ ರಾತ್ರಿ ಅನ್ನುವುದನ್ನು ನೆನಪಿಡಿ. ಅದನ್ನು ಆಗ ನಾನು ಗಮನಿಸಲೇ ಇಲ್ಲ.

ಒಳಗೆ ಹೋದರೆ ಎಲ್ಲರಿಗೂ ‘ಇರಾಶ್ಶಾಯಿಮಾಸೆ’ ಅನ್ನುತ್ತಾರೆ, ಬನ್ನಿ ಅಂತ. 2018ರ ಬೇಸಿಗೆಯ ಒಂದು ಶನಿವಾರ ನನಗೆ ಒಕಾಮಿ-ಸಾನ್ ‘ಒಕಾಏರಿ’ ಅಂದರು. ಅದು ಮನೆಯವರು ಹೊರಗಿಂದ ಬಂದಾಗ ಹೇಳುವ ಮಾತು, ‘ಬಂದ್ಯಾ?’ ಅನ್ನುವ ಹಾಗೆ. ನಾನು ಏನು ಉತ್ತರ ಕೊಡಬೇಕು ಅಂತ ತಿಳಿಯದೆ ಸುಮ್ನೆ ತಲೆಯಾಡಿಸಿದೆ. ಜೋರೆನ್ ಆಗಿಬಿಟ್ಟೆ ಅಂತ ಒಳಗೊಳಗೇ ಹಿಗ್ಗಿದೆ. ಖಾಯಂ ಗಿರಾಕಿಗೆ ಅಲ್ಲಿನ ಪದ ಜೋರೆನ್.

ಆ ಹಿಗ್ಗು ಇಳಿದದ್ದು ನವೆಂಬರಿನಲ್ಲಿ.

ತಂಗಿ ಮದುವೆಗೆ ಅಂತ ಊರಿಗೆ ಬಂದೆ. ನಾಲ್ಕು ವಾರ ರಜೆ. ಆಫೀಸಿಗೆ ಹೇಳಿದ್ದೆ, ಮನೆ ಮಾಲೀಕರಿಗೆ ಹೇಳಿದ್ದೆ. ಹೋಟೆಲ್‌ಗೆ ಹೇಳಬೇಕು ಅಂತ ತಲೆಗೇ ಬರಲಿಲ್ಲ. ದುಡ್ಡು ಕೊಟ್ಟು ತಿನ್ನುವ ಜಾಗ, ಅಲ್ಲಿ ರಜಾ ಅರ್ಜಿ ಯಾಕೆ? ವಾಪಸ್ ಬಂದ ಶನಿವಾರ ಐದಕ್ಕೆ ಬಾಗಿಲು ಸರಿಸಿದೆ. ‘ಒಕಾಏರಿ’ ಬರಲಿಲ್ಲ. ಒಕಾಮಿ-ಸಾನ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಹುಷಾರಿರಲಿಲ್ಲವಾ?” ಅಂತ ಕೇಳಿದರು. ಇಲ್ಲ, ಊರಿಗೆ ಹೋಗಿದ್ದೆ, ಮದುವೆ ಅಂದೆ. “ಓ, ಒಳ್ಳೆಯದಾಯಿತು” ಅಂತ ಒಳಗೆ ಹೋದರು.

ಉಳಿದದ್ದನ್ನು ಹೇಳಿದವರು ಲೇತಿನ ಹಿರಿಯರು, ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ. ಆ ಅಂಗಡಿಯಲ್ಲಿ ಅಗೆದಾಶಿ ತೋಫು ಕೇಳುತ್ತಿದ್ದವನು ನಾನೊಬ್ಬನೇ. ಮಂಗಳವಾರ, ಶನಿವಾರ ಬೆಳಗ್ಗೆ ತೋಫು ಅಂಗಡಿಯಿಂದ ನನಗೆ ಅಂತಲೇ ಒಂದು ಗಡ್ಡೆ ಜಾಸ್ತಿ ತರುತ್ತಿದ್ದರಂತೆ. ತಾಜಾ ತೋಫು ಇಟ್ಟರೆ ಕೆಡುತ್ತದೆ. ನಾನು ಬಾರದ ಮೊದಲ ವಾರ ಎರಡು ದಿನವೂ ರಾತ್ರಿ ಅದನ್ನು ಗಂಡ ಹೆಂಡತಿ ತಿಂದರು. ಎರಡನೇ ವಾರವೂ ತಂದರು, ಅದನ್ನೂ ತಿಂದರು. ಮೂರನೇ ವಾರ ತೈಶೋ ಬೇಡ ಅಂದರಂತೆ. ಆದರೂ ಕೊಂಬು ನೆನೆಹಾಕಿದ್ದರಂತೆ, ಬಂದರೆ ಇರಲಿ ಅಂತ. ಈ ಹಿರಿಯರಿಗೆ ನನ್ನ ಬಿಲ್ಡಿಂಗ್ ಗೊತ್ತಿತ್ತು. ಸಂಜೆ ವಾಕಿಂಗ್ ಹೋಗುವಾಗ ಕಿಟಕಿಯಲ್ಲಿ ದೀಪ ಇದೆಯಾ ಅಂತ ನೋಡಿಕೊಂಡು ಬನ್ನಿ ಅಂತ ಅವರಿಗೆ ಕೆಲಸ ಹಚ್ಚಿದ್ದರು.

ನನಗೆ ಥಟ್ಟನೆ ನೆನಪಾದದ್ದು ಮೈಸೂರಿನ ನಮ್ಮ ಮನೆಯ ವರ್ತನೆ ಹಾಲು. ಹಳೇ ಮೈಸೂರಿನವರಿಗೆ ಗೊತ್ತಿರುತ್ತದೆ. ಹಾಲು, ಹೂವು, ಮೊಸರು ದಿನಾ ತಪ್ಪದೆ ಒಂದೇ ಮನೆಗೆ ಕೊಟ್ಟು ತಿಂಗಳಿಗೊಮ್ಮೆ ಲೆಕ್ಕ ಮಾಡುವುದಕ್ಕೆ ವರ್ತನೆ ಅನ್ನುತ್ತಾರೆ. ನಮ್ಮ ಹಾಲಿನಮ್ಮ ನಮ್ಮನ್ನು ‘ನನ್ನ ವರ್ತನೆ ಮನೆ’ ಅನ್ನುತ್ತಿದ್ದರು. ಒಮ್ಮೆ ಹೇಳದೆ ಕೇಳದೆ ಎರಡು ದಿನ ಶಿರಸಿಗೆ ಹೋಗಿ ಬಂದಾಗ ಬಾಗಿಲಲ್ಲೇ ಅಮ್ಮನನ್ನು ತರಾಟೆಗೆ ತೆಗೆದುಕೊಂಡಿದ್ದರು: “ಒಂದು ಮಾತು ಹೇಳಿ ಹೋಗ್ಬಾರ್ದಾ ಅಮ್ಮಾವ್ರೇ? ಆ ಅರ್ಧ ಲೀಟರ್ ಯಾರಿಗೆ ಹಾಕ್ಲಿ ನಾನು?” ಅಮ್ಮ ತಪ್ಪಾಯ್ತು ಅಂದಿದ್ದರು. ಅಲ್ಲಿಂದ ಮುಂದೆ ಊರಿಗೆ ಹೊರಡುವ ಹಿಂದಿನ ದಿನ ಬಟ್ಟೆ ಜೋಡಿಸುವುದಕ್ಕೂ ಮೊದಲು ‘ನಾಳೆಯಿಂದ ಹಾಲು ಬೇಡ’ ಅಂತ ಹೇಳುವುದು ನಮ್ಮ ಮನೆಯ ನಿಯಮ. ಇಷ್ಟು ಗೊತ್ತಿದ್ದ ಮನೆಯಲ್ಲಿ ಬೆಳೆದು ನಾನು ಮಾಡಿದ್ದು ಇದು.

ಒಕಾಮಿ-ಸಾನ್ ಒಂದು ಮಾತೂ ಆಡಲಿಲ್ಲ. ಹಾಲಿನಮ್ಮನ ಹಾಗೆ ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಸೊಂಟ ಬಗ್ಗಿಸಿ ಕ್ಷಮೆ ಕೇಳಿದೆ. ‘ಬಿಡಿ ಬಿಡಿ’ ಅಂತ ಕೈ ಆಡಿಸಿ ಮಿಸೊ ಸೂಪು ಇಟ್ಟರು. ಅವತ್ತು ಅಗೆದಾಶಿ ಇರಲಿಲ್ಲ, ತೋಫು ತಂದಿರಲಿಲ್ಲವಲ್ಲ. ಅನ್ನ, ಉಪ್ಪಿನಕಾಯಿ, ಮೊಟ್ಟೆ ತಿಂದು ಬಂದೆ.

ಅಲ್ಲಿಯವರೆಗೆ ನಾನು ಖಾಯಂ ಗಿರಾಕಿ ಅಂದರೆ ಅವರಿಂದ ನನಗೆ ಏನು ಸಿಗುತ್ತದೆ ಅಂತಲೇ ಯೋಚಿಸಿದ್ದೆ. ಹೆಸರು ಹಿಡಿದು ಕರೆಯುತ್ತಾರೆ, ಕೇಳದೆಯೇ ಊಟ ಬರುತ್ತದೆ, ಇಂಥವು. ಬೆಳಗ್ಗೆ ಏಳು ಗಂಟೆಗೆ ತೋಫು ಅಂಗಡಿಯಲ್ಲಿ ನಿಂತು ‘ಇವತ್ತು ಅವನು ಬರುತ್ತಾನೆ’ ಅಂತ ಒಬ್ಬರು ಲೆಕ್ಕ ಹಾಕುತ್ತಾರೆ ಅನ್ನುವುದು ನನ್ನ ಯೋಚನೆಯಲ್ಲೇ ಇರಲಿಲ್ಲ.

ಮುಂದಿನ ಮಂಗಳವಾರ ಮೈಸೂರ್ ಪಾಕ್ ತೆಗೆದುಕೊಂಡು ಹೋದೆ. ಊರಿಂದ ತಂದ ಒಂದು ಡಬ್ಬ ಇತ್ತು. ತೈಶೋ ಅದನ್ನು ಸಕ್ಕರೆ ಕಲ್ಲಿನಷ್ಟು ಸಣ್ಣಗೆ ಹೆಚ್ಚಿ ಕೌಂಟರಿನಲ್ಲಿದ್ದವರಿಗೆಲ್ಲ ಹಸಿರು ಚಹಾದ ಜೊತೆ ಒಂದೊಂದು ಕೊಟ್ಟರು. ತುಪ್ಪ ಎಷ್ಟು ಅಂತ ಕೇಳಿದರು. ನಿಜ ಹೇಳಿದೆ. ಲೇತಿನ ಹಿರಿಯರು ಎರಡನೇ ತುಂಡಿಗೆ ಕೈ ಚಾಚಿದವರು ಹಿಂದೆಗೆದರು. ಶನಿವಾರ ಅದೇ ಡಬ್ಬ ಕಿತ್ತಳೆ ತುಂಬಿಕೊಂಡು ನನಗೆ ವಾಪಸ್ ಬಂತು. ಅಲ್ಲೂ ಪಾತ್ರೆ ಖಾಲಿ ಹಿಂತಿರುಗಿಸುವುದಿಲ್ಲ. ಆ ಡಬ್ಬ ಹಾಗೆಯೇ ಹೋಗಿ ಬಂದು ಮಾಡುತ್ತಾ ಮೂರು ವರ್ಷ ಓಡಾಡಿತು.

ಅಲ್ಲಿಂದ ಮುಂದೆ ಯಾವುದಾದರೂ ದಿನ ಬರುವುದಿಲ್ಲ ಅಂತಾದರೆ ಹಿಂದಿನ ಸಲವೇ ಹೇಳುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ತೋಫು ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ಇತ್ತು. ಆ ದಿನದ ಮೇಲೆ ಅವರು ಒಂದು ಗೆರೆ ಎಳೆಯುತ್ತಿದ್ದರು, ಥೇಟ್ ಹಾಲಿನ ಲೆಕ್ಕದ ಹಾಗೆ.

2019ರ ಅಕ್ಟೋಬರ್ 12, ಶನಿವಾರ. ಹಗಿಬಿಸ್ ಚಂಡಮಾರುತ ಬಂದ ದಿನ. ರೈಲುಗಳನ್ನು ಮೊದಲೇ ನಿಲ್ಲಿಸುತ್ತೇವೆ ಅಂತ ಹೇಳಿದ್ದರು. ಹಿಂದಿನ ಸಂಜೆ ಅಂಗಡಿ ಮುಂದೆ ಹಾದು ಹೋಗುವಾಗ ಒಕಾಮಿ-ಸಾನ್ ಕೂಗಿ ಕರೆದರು. ನಾಳೆ ತೋಫು ಇಲ್ಲ, ಅಂಗಡಿಯೂ ಇಲ್ಲ ಅಂತ ಹೇಳಿದರು. ಯಾವ ಮಹಡಿಯಲ್ಲಿದ್ದೀರಿ ಅಂತ ತೈಶೋ ಒಳಗಿಂದಲೇ ಕೇಳಿದರು. ಮೂರನೆಯದು ಅಂದೆ. ಹಾಗಾದರೆ ಸರಿ ಅಂದು, ಉಪ್ಪುಹಾಕಿದ ಹುಳಿ ಉಮೆ ಕಾಯಿ ಒಳಗಿಟ್ಟ ಅನ್ನದ ಉಂಡೆ ನಾಲ್ಕು ಕಟ್ಟಿಕೊಟ್ಟರು. ಆ ರಾತ್ರಿ ನಮ್ಮ ವಾರ್ಡಿನಲ್ಲೇ ತಮಾ ನದಿಯ ಹತ್ತಿರದ ಮನೆಗಳಿಗೆ ನೀರು ನುಗ್ಗಿತು. ನಮ್ಮ ಕಡೆ ಏನೂ ಆಗಲಿಲ್ಲ. ಅನ್ನದ ಉಂಡೆ ತಿನ್ನುತ್ತಾ ಮಳೆ ನೋಡಿದೆ.

ಈಗ ನಿಮಗೆ ಉಪಯೋಗಕ್ಕೆ ಬರುವ ಚಿಲ್ಲರೆ ವಿಷಯ.

ಎಂಟು ಸ್ಟೂಲಿನ ಹೋಟೆಲ್‌ನಲ್ಲಿ ಸ್ಟೂಲೇ ಬಂಡವಾಳ. ಆ ಅಂಗಡಿಗೆ ರಾತ್ರಿ ದುಡ್ಡು ಬರುತ್ತಿದ್ದದ್ದು ಬಿಯರ್, ಸಾಕೆಯಿಂದ. ನಾನು ಕುಡಿಯುವುದಿಲ್ಲ. ಒಂದು ಊಟಕ್ಕೆ ಎರಡು ಗಂಟೆ ಕೂತರೆ ಅವರಿಗೆ ನಷ್ಟ. ಹಾಗಾಗಿ ಜನ ಜಾಸ್ತಿ ಇದ್ದಾಗ ತಿಂದು ಎದ್ದುಬಿಡುತ್ತಿದ್ದೆ, ಖಾಲಿ ಇದ್ದಾಗ ಮಾತ್ರ ಊಲಾಂಗ್ ಚಹಾ ತರಿಸಿಕೊಂಡು ಹರಟುತ್ತಿದ್ದೆ. ಇದನ್ನು ಅವರು ಗಮನಿಸುತ್ತಾರೆ. ಟಿಪ್ಸು ಜಪಾನಿನಲ್ಲಿ ಇಲ್ಲ, ಬಿಟ್ಟು ಬಂದರೆ ‘ಮರೆತಿರಿ’ ಅಂತ ಬೆನ್ನಟ್ಟಿ ಬಂದು ಕೊಡುತ್ತಾರೆ. ನಿಮ್ಮ ದೇಶದಲ್ಲಿ ಪದ್ಧತಿ ಬೇರೆ ಇದ್ದರೆ ಹಾಗೆ ಮಾಡಿ. 2020ರ ಏಪ್ರಿಲ್‌ನಲ್ಲಿ ಕೋವಿಡ್ ತುರ್ತುಸ್ಥಿತಿ ಬಂದು ರಾತ್ರಿ ಎಂಟಕ್ಕೆ ಮುಚ್ಚಿ ಅಂದಾಗ ಅವರು ಡಬ್ಬಿ ಊಟ ಶುರು ಮಾಡಿದರು. ಮಂಗಳವಾರ, ಶನಿವಾರ ಬಿಡದೆ ತಂದು ತಿಂದೆ. ಅಲ್ಲಿ ಕೂತು ತಿಂದರೆ ತೆರಿಗೆ ಶೇಕಡಾ 10, ಕಟ್ಟಿಸಿಕೊಂಡು ಹೋದರೆ 8. ಎರಡು ಪರ್ಸೆಂಟ್ ಉಳಿಸಿದಿರಿ ಅಂತ ತೈಶೋ ಪ್ರತಿ ಸಲ ಹೇಳುತ್ತಿದ್ದರು.

ಭಾಷೆ ಬಗ್ಗೆ ಕೇಳಿದಿರಿ. ಮೊದಲ ವರ್ಷ ನನಗೆ ಬರುತ್ತಿದ್ದದ್ದು ಒಂದು ಮೂವತ್ತು ಪದ. ಊಟ ಮುಗಿದ ಮೇಲೆ ಹೇಳುವ ‘ಗೊಚಿಸೋಸಾಮಾ’, ಅಂದರೆ ಊಟ ಚೆನ್ನಾಗಿ ಆಯಿತು ಅನ್ನುವಂಥದ್ದು, ಅದನ್ನು ಕೌಂಟರಿಗೆ ಹೇಳುವ ಬದಲು ಒಲೆ ಮುಂದಿದ್ದ ತೈಶೋ ಕಡೆ ತಿರುಗಿ ಹೇಳುತ್ತಿದ್ದೆ. ನಿಮ್ಮಲ್ಲೂ ಅಡುಗೆ ಮಾಡುವವರಿಗೆ ಹೇಳುವ ಒಂದು ಮಾತು ಇರುತ್ತದೆ. ಮೊದಲು ಅದನ್ನು ಕಲಿಯಿರಿ. ಫೋನಿನ ಅನುವಾದದ ಆಪ್ ಊಟದ ವಿಷಯಕ್ಕೆ ಮಾತ್ರ ಇರಲಿ, ಹರಟೆಗೆ ಬೇಡ. ಅದನ್ನು ಮಧ್ಯೆ ಇಟ್ಟರೆ ಎಲ್ಲರೂ ಫೋನನ್ನೇ ನೋಡುತ್ತಾರೆ.

2022ರಲ್ಲಿ ವಾಪಸ್ ಬರುವುದು ಗಟ್ಟಿಯಾದಾಗ ಒಂದು ತಿಂಗಳು ಮುಂಚೆಯೇ ಹೇಳಿದೆ. ಮಾರ್ಚ್ 26, ಶನಿವಾರ ಕೊನೆ ಅಂತ. ಒಕಾಮಿ-ಸಾನ್ ಕ್ಯಾಲೆಂಡರ್ ಹತ್ತಿರ ಹೋದರು. ಆಗ ಹತ್ತಿರದಿಂದ ನೋಡಿದೆ. ಪ್ರತಿ ಮಂಗಳವಾರ, ಶನಿವಾರದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಒಂದು ‘ಬ’ ಬರೆದಿತ್ತು, ಅವರ ಲಿಪಿಯಲ್ಲಿ. ಬತ್ತೊ ಅನ್ನುವುದರ ಬ. ವರ್ಷದ ಕೊನೆಯವರೆಗೂ ಜನವರಿಯಲ್ಲೇ ಬರೆದಿಟ್ಟಿದ್ದರು. 26ರ ನಂತರದ್ದನ್ನೆಲ್ಲ ಅಲ್ಲೇ ನಿಂತು ರಬ್ಬರಿನಲ್ಲಿ ಅಳಿಸತೊಡಗಿದರು, ಹಾಳೆ ತಿರುಗಿಸಿ ತಿರುಗಿಸಿ, ಡಿಸೆಂಬರ್‌ವರೆಗೆ. ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ತೋಫು ಕರಿದಾಗಿತ್ತು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಈ ವಾರ ಎರಡು ದಿನ ಆರಿಸಿಕೊಳ್ಳಿ, ಅವರಿಗೆ ಕೆಲಸ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ. ಇನ್ನು ಊರಿಗೆ ಬರುವ ಟಿಕೆಟ್ ಮಾಡಿಸಿದ್ದರೆ ಹೊರಡುವ ಮುಂಚೆ ಹೋಗಿ ಹೇಳಿಬಿಡಿ. ಮಾತು ಬರದಿದ್ದರೆ ಗೋಡೆಯ ಕ್ಯಾಲೆಂಡರ್ ಮೇಲೆ ಹೋಗುವ ದಿನಕ್ಕೊಂದು, ಬರುವ ದಿನಕ್ಕೊಂದು ಬೆರಳಿಟ್ಟು ತೋರಿಸಿದರೂ ಆಗುತ್ತದೆ. ಅಂದಹಾಗೆ ಯಾವ ಊರಲ್ಲಿದ್ದೀರಿ, ಅಲ್ಲಿ ಏನು ತಿನ್ನುತ್ತೀರಿ ಅಂತ ನೀವು ಬರೆದೇ ಇಲ್ಲ.